ಅವ್ವನ ಎರಡನೇ ಕಮಾನು ಗಾಡಿ

ನಮ್ಮವ್ವನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಹತ್ತಿದರೆ ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸಿ, ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಇಳಿದ ಮೇಲೆ ಅರ್ಧ ಗಂಟೆ ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ, ಸೋಡಾ ಕುಡಿಸಿ, ಆಮೇಲೆ ಮುಂದಿನ ಬಸ್ಸು. ಅವಳ ತವರು ಸೊರಬದ ಆಚೆ, ಚಂದ್ರಗುತ್ತಿ ದಾರಿಯ ಒಂದು ಹಳ್ಳಿ. ಅಲ್ಲಿಗೆ ಹೋಗಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಿದ್ದಳು. ವಯಸ್ಸಾಗಿ ಮೊಣಕಾಲು ನೋವು ಶುರುವಾದ ಮೇಲೆ ಬಸ್ಸಿನ ಮೆಟ್ಟಿಲೂ ಎತ್ತರವಾಯಿತು. ಒಂದೊಂದಾಗಿ ಮದುವೆ ಬಿಟ್ಟಳು, ಜಾತ್ರೆ ಬಿಟ್ಟಳು, ಕೊನೆಗೆ ತವರನ್ನೂ ಬಿಟ್ಟಳು.

ಆದರೆ ಅವ್ವ ಮನೆ ಬಿಟ್ಟು ಹೊರಡಲು ಒಲ್ಲದವಳಲ್ಲ. ಹುಡುಗಿಯಾಗಿದ್ದಾಗ ಕಮಾನು ಗಾಡಿಯಲ್ಲಿ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಗೆ ಹೋಗಿದ್ದನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಬಿದಿರ ದಬ್ಬೆ ಬಗ್ಗಿಸಿ ಕಟ್ಟಿದ ಕಮಾನು, ಅದರ ಮೇಲೆ ಚಾಪೆ, ಒಳಗೆ ಮೊಣಕಾಲುದ್ದ ಭತ್ತದ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಗಾಡಿಯ ಹೊಟ್ಟೆಯಡಿ ತೂಗುವ ಲಾಟೀನು, ಪಕ್ಕದಲ್ಲಿ ಕೀಲೆಣ್ಣೆಯ ಬಿದಿರು ಗೊಟ್ಟ. ಹಿತ್ತಾಳೆ ಚರಿಗೆ, ರೊಟ್ಟಿ ಬುತ್ತಿ, ಅಕ್ಕಿ, ಬೇಳೆ, ಮೂರು ದಿನಕ್ಕೆ ಬೇಕಾದ ಸೌದೆ, ಎಲ್ಲವೂ ಗಾಡಿಯಲ್ಲೇ. ಎತ್ತಿಗೆ ದಣಿವಾದಲ್ಲಿ ಕೊಳ್ಳು ಹರಿಯುವುದು. ಅಲ್ಲಿ ಕೆರೆಯೋ ಹಳ್ಳವೋ ಇದ್ದೇ ಇರುತ್ತದೆ. ಮೂರು ಕಲ್ಲು ಹೂಡಿ ಅನ್ನ ಬೇಯಿಸಿ ಉಂಡು, ಗಾಡಿಯ ಅಡಿಗೆ ಗಂಡಸರು, ಒಳಗೆ ಹೆಂಗಸರು ಮಕ್ಕಳು ಮಲಗುವುದು. ಹೊರಡುವಾಗ ನಮ್ಮ ತಾಯಿಯ ತಂದೆ ಎರಡೂ ಗಾಲಿಯ ಕಡಾಣಿ ಮುಟ್ಟಿ ನೋಡದೆ ಹಗ್ಗ ಹಿಡಿಯುತ್ತಿರಲಿಲ್ಲವಂತೆ. ಕಡಾಣಿ ಕಳಚಿದರೆ ಗಾಲಿ ಕಳಚಿತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ನಮ್ಮ ಶಾಲೆಯ ವಾಚನಾಲಯಕ್ಕೆ ಯಾರೋ ಕೊಟ್ಟ ಹಳೆಯ ಪತ್ರಿಕೆಯೊಂದರಲ್ಲಿ, ಹೊರದೇಶದವರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಮನೆಗಾಡಿಯ ಚಿತ್ರವಿತ್ತು. ಕ್ಯಾರವಾನ್. ಒಳಗೆ ಹಾಸಿಗೆ, ಒಲೆ, ಪರದೆ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡ ಮುದುಕ ಮುದುಕಿ. ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದು ನಮ್ಮ ಕಮಾನು ಗಾಡಿನೇ ಅಲ್ಲನಾ ತಮ್ಮ, ಎತ್ತು ಒಂದು ಇಲ್ಲ" ಅಂದಳು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರವತ್ತು ದಾಟಿದ ಹೆಂಗಸು, ಇಡೀ ಆಯುಷ್ಯ ಶಿಕಾರಿಪುರ–ಸೊರಬದ ನಡುವೆ ಕಳೆದವಳು, ಬಳ್ಳಿಗಾವಿಯನ್ನು ನೋಡಿಲ್ಲ, ತಾಳಗುಂದವನ್ನು ನೋಡಿಲ್ಲ. ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆಂದು ಅಲ್ಲಿಗೆಲ್ಲ ಕರೆದುಕೊಂಡು ಹೋಗುವವನು ನಾನು.

ಅಂಥ ಮನೆಗಾಡಿ ನಮ್ಮ ಕಡೆ ಸಿಗುವ ಮಾತಿರಲಿಲ್ಲ. ಆಗ ಸಿಗುತ್ತಿದ್ದುದು ಓಮ್ನಿ. ಮಾರುತಿ ಕಂಪನಿ 1984ರಲ್ಲಿ ಮಾರುತಿ ವ್ಯಾನ್ ಎಂದು ಬಿಟ್ಟು, 1988ರಲ್ಲಿ ಓಮ್ನಿ ಎಂದು ಹೆಸರಿಟ್ಟ ಗಾಡಿ. ಜಪಾನಿನ ಸುಜುಕಿ ಕ್ಯಾರಿಯ ಅಚ್ಚು. ಮಾರುತಿ 800 ಕಾರಿನದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಅದೂ ಮುಂದಿನ ಸೀಟಿನ ಅಡಿಗೆ. ಮೂತಿ ಇಲ್ಲದ ಗಾಡಿಯಾದ್ದರಿಂದ ಮುಂದೆ ಕೂತವರಿಗೆ ರಸ್ತೆ ಕಾಲಬುಡದಲ್ಲೇ ಕಾಣುತ್ತದೆ. ಪಕ್ಕಕ್ಕೆ ಜಾರುವ ಬಾಗಿಲು, ನೆಲ ತಗ್ಗು, ಮೊಣಕಾಲು ನೋವಿನವರು ಕಟ್ಟೆಯ ಮೇಲೆ ಕೂತಂತೆ ಕೂತು ಒಳಗೆ ಸರಿಯಬಹುದು. ನಮ್ಮ ತಾಲ್ಲೂಕುಗಳಲ್ಲಿ ಶಾಲೆ ಮಕ್ಕಳಿಗೂ ಅದೇ, ಹೆರಿಗೆಗೆ ಒಯ್ಯಲೂ ಅದೇ, ಸಂತೆಗೆ ತರಕಾರಿ ಹೇರಲೂ ಅದೇ. ಹೊಸದು ಕೊಳ್ಳುವ ಶಕ್ತಿ ನನ್ನ ಸಂಬಳಕ್ಕಿರಲಿಲ್ಲ. ಹಳೆಯದನ್ನೇ ಹುಡುಕಲು ಹೊರಟೆ. ಅದು 2004ನೇ ಇಸವಿ.

ಮೊದಲು ನೋಡಿದ ಎರಡು ಗಾಡಿ ಬಿಟ್ಟೆವು. ಒಂದು ಅಪಘಾತದಲ್ಲಿ ಜಜ್ಜಿ ಎದ್ದದ್ದು. ಇನ್ನೊಂದರಲ್ಲಿ ಮನೆ ಅಡುಗೆಯ ಗ್ಯಾಸ್ ಸಿಲಿಂಡರಿಗೆ ಪೈಪು ಜೋಡಿಸಿ ಇಂಜಿನ್ ಓಡಿಸುತ್ತಿದ್ದರು. ಆಗ ಹಾಗೆ ಓಡಿಸುವವರು ಬಹಳ ಮಂದಿ. ಕಾನೂನಿಗೆ ವಿರುದ್ಧ ಎನ್ನುವುದು ಹಾಗಿರಲಿ, ಮಕ್ಕಳು ಮುದುಕರನ್ನು ಅದರ ಪಕ್ಕ ಕೂರಿಸಿಕೊಂಡು ಹೋಗುವುದು ನೆನೆಸಿಕೊಂಡರೇ ಎದೆ ನಡುಗುತ್ತದೆ.

ಮೂರನೆಯದು ಸೊರಬದಲ್ಲಿತ್ತು. 1996ರ ಮಾಡೆಲ್, ಬಿಳಿ ಬಣ್ಣ, ಶುಂಠಿ ವ್ಯಾಪಾರ ಮಾಡುವವರೊಬ್ಬರದು. ನಾನು ಒಂದು ಸಂಜೆ ನೋಡಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಜೀವಮಾನವೆಲ್ಲ ದನ ಕೊಂಡು ಮಾರಿದವರು. ಕಾರಿನ ಸ್ಟೇರಿಂಗ್ ಮುಟ್ಟಿದವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀನು ಹೋದಾಗ ಅದು ನಿಂತಿತ್ತೋ, ಓಡಿ ಬಂದಿತ್ತೋ?"

ಓಡಿ ಬಂದಿತ್ತು. ಅವರೇ ಒಂದು ಸುತ್ತು ಹಾಕಿಸಿಕೊಂಡು ಬಂದು ತೋರಿಸಿದ್ದರು.

"ಎತ್ತು ಕೊಳ್ಳೋನು ಸಂತೇಲಿ ನಡೆಯೋದು ನೋಡಬಾರದು. ಬೆಳಿಗ್ಗೆ ಕೊಟ್ಟಿಗೇಲಿ ಮಲಗಿದ್ದು ಏಳೋದು ನೋಡಬೇಕು. ಕುಂಟು ಇದ್ರೆ ಅಲ್ಲಿ ಗೊತ್ತಾಗ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಎಲ್ಲಾ ಎತ್ತೂ ಸರಿ ಇರ್ತಾವೆ."

ಎರಡು ದಿನ ಬಿಟ್ಟು ನಸುಕಿನಲ್ಲಿ ಹೇಳದೆ ಕೇಳದೆ ಹೋದೆವು. ಜೊತೆಗೆ ಶಿರಾಳಕೊಪ್ಪದ ಒಬ್ಬ ಮೆಕ್ಯಾನಿಕ್ಕು, ನನ್ನ ಹಳೆಯ ವಿದ್ಯಾರ್ಥಿ. ಅವನು ಮೊದಲು ಮುಂದಿನ ಸೀಟು ಎತ್ತಿ ಇಂಜಿನ್ನಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. "ಈಗ ಹಾಕ್ರಿ ಸಾರ್ ಚಾವಿ" ಅಂದ. ಚೋಕ್ ಎಳೆದು ತಿರುಗಿಸಿದೆ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು. ಅವನು ಓಡಿ ಹಿಂದೆ ಹೋಗಿ ಹೊಗೆ ನೋಡಿದ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದು ಅರ್ಥ. ಬಂದದ್ದು ಬಿಳಿ ಹಬೆ, ಅದೂ ಎರಡು ನಿಮಿಷಕ್ಕೆ ನಿಂತಿತು. ಅಪ್ಪ ದೂರದಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು, ಕೈಕಟ್ಟಿ, ಎತ್ತನ್ನು ನೋಡುವಂತೆಯೇ ನೋಡುತ್ತ ನಿಂತಿದ್ದರು. "ಎದ್ದು ನಿಂತ್ಕಂತು" ಅಂದರು.

ಆಮೇಲೆ ಆ ಹುಡುಗ ಕಿಸೆಯಿಂದ ಹಳೇ ರೇಡಿಯೊ ಸ್ಪೀಕರಿನ ಅಯಸ್ಕಾಂತವನ್ನು ತೆಗೆದ. ಅದಕ್ಕೆ ತೆಳು ಬಟ್ಟೆ ಸುತ್ತಿ ಹೊಲಿದಿತ್ತು, ಬಣ್ಣಕ್ಕೆ ಗೀರು ಬೀಳದಿರಲೆಂದು. ಬಾಗಿಲ ಕೆಳಗೆ, ಗಾಲಿಯ ಕಮಾನಿನ ಸುತ್ತ, ಮೂಲೆ ಮೂಲೆಗೆ ಮೆಲ್ಲಗೆ ಇಡುತ್ತ ಹೋದ. ತಗಡಿದ್ದಲ್ಲಿ ಟಪ್ಪನೆ ಕಚ್ಚಿಕೊಳ್ಳುತ್ತದೆ. ತುಕ್ಕು ತಿಂದು ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರೆ ಕೈಬಿಟ್ಟರೆ ಜಾರುತ್ತದೆ. ಎಡಗಡೆ ಹಿಂದಿನ ಗಾಲಿಯ ಮೇಲೆ ಎರಡು ಕಡೆ ಜಾರಿತು. ಅಷ್ಟೇ. ಜಾರುಬಾಗಿಲಿನ ಹಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಮೂಸಿ ನೋಡಿದರೆ ಹಸಿ ಶುಂಠಿ ವಾಸನೆ. ಚಾಸಿ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ, ಎದ್ದ ಅಂಕಿಗಳನ್ನು ಆರ್.ಸಿ. ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದ. ಇಷ್ಟು ಶ್ರದ್ಧೆಯಿಂದ ಆ ಹುಡುಗ ನನ್ನ ವ್ಯಾಕರಣ ಓದಿದ್ದನ್ನು ನಾನು ಕಂಡಿರಲಿಲ್ಲ. ಅವನ ಶ್ರದ್ಧೆ ಎಲ್ಲಿತ್ತೆಂದು ಮೇಷ್ಟ್ರಿಗೆ ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು.

ತೊಂಬತ್ತೈದು ಸಾವಿರ ಹೇಳಿದ್ದರು. ಅಪ್ಪ ಟವೆಲು ತೆಗೆದು ಆ ವ್ಯಾಪಾರಿಯ ಕೈ ಮೇಲೆ ಹಾಕಿದರು. ದನದ ಜಾತ್ರೆಯಲ್ಲಿ ಟವೆಲಿನ ಅಡಿ ಬೆರಳು ಹಿಡಿದು ಬೆಲೆ ಮಾಡುವ ಪದ್ಧತಿ ನೋಡಿದವರಿಗೆ ಗೊತ್ತು, ಮಾತೇ ಇರುವುದಿಲ್ಲ. ಆ ವ್ಯಾಪಾರಿಯೂ ಹಳಬ, ಬೆರಳಿನ ಲೆಕ್ಕ ಬಲ್ಲವನು. ಐದು ನಿಮಿಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಎಂಬತ್ತೆರಡು ಸಾವಿರಕ್ಕೆ ಇತ್ಯರ್ಥವಾಯಿತು. ಫಾರಂ 29, ಫಾರಂ 30ಕ್ಕೆ ಸಹಿ, ವಿಮೆ ನನ್ನ ಹೆಸರಿಗೆ, ಆರ್‌ಟಿಒ ಕಚೇರಿಗೆ ಎರಡು ಓಡಾಟ. ಆ ಭಾಗವನ್ನು ಬೆಳೆಸುವುದಿಲ್ಲ.

ನಾವು ಮಾಡಿದ ತಪ್ಪು ಒಂದು. ಒಳಗೆ ಹೊಸ ಮ್ಯಾಟ್ ಹಾಸಿತ್ತು, ಅದನ್ನು ಎತ್ತಿ ನೋಡಲಿಲ್ಲ. ಹಳೆ ಗಾಡಿಯಲ್ಲಿ ಹೊಸದು ಏನಾದರೂ ಕಂಡರೆ ಅದರ ಅಡಿಯೇ ಮೊದಲು ನೋಡಬೇಕಿತ್ತು. ಮನೆಗೆ ತಂದು ತೊಳೆಯುವಾಗ ಒಳಗೆ ಹೊಯ್ದ ನೀರು ಬಾಗಿಲಿನಿಂದ ಹರಿಯದೆ ಅಡಿಯಿಂದ ಅಂಗಳಕ್ಕೆ ಸೋರಿತು. ಮ್ಯಾಟ್ ಕಿತ್ತರೆ ಹಿಂದಿನ ಸೀಟಿನ ಅಡಿ ಅಂಗೈಯಗಲದ ಮೂರು ತೂತು, ಸುತ್ತ ಹಪ್ಪಳದಂತೆ ಮುರಿಯುವ ತಗಡು. ವರ್ಷಗಟ್ಟಲೆ ಮಣ್ಣು ಸಮೇತ ಹಸಿ ಶುಂಠಿ ಹೇರಿದ್ದರಿಂದ ನೆಲ ಕೊಳೆತಿತ್ತು. ನನಗೆ ಕಣ್ಣು ಕತ್ತಲಿಟ್ಟಿತು. ಸೊಸೈಟಿಯಲ್ಲಿ ಸಾಲ ತೆಗೆದ ಹಣ ಅದು. ಅವ್ವ ಬಂದು ಬಗ್ಗಿ ನೋಡಿ, "ಗಾಡಿ ಹಲಗೆ ಹೋದ್ರೆ ಹಲಗೆ ಬದಲಾಯಿಸ್ತಿದ್ರು. ಅಚ್ಚು ಗಟ್ಟಿ ಐತಲ್ಲ?" ಅಂದಳು. ಅಚ್ಚು ಗಟ್ಟಿಯಿತ್ತು. ಟಿಂಕರಿಂಗ್ ಮಾಡಿಸಿ, ಕೊಳೆತ ಭಾಗ ಕತ್ತರಿಸಿ, ದಪ್ಪ ತಗಡು ವೆಲ್ಡ್ ಮಾಡಿಸಿ, ಅಡಿಗೆಲ್ಲ ಕಪ್ಪು ರಕ್ಷಣೆಯ ಬಣ್ಣ ಬಳಿಸಿದ್ದಕ್ಕೆ ಆರೂವರೆ ಸಾವಿರ ಆಯಿತು. ಮಲೆನಾಡಿನ ಮಳೆಯಲ್ಲಿ ಹತ್ತು ವರ್ಷ ಓಡಿದ ಗಾಡಿ ಕೊಳ್ಳುವವರು ಇಂಜಿನ್ನಿಗಿಂತ ಮೊದಲು ನೆಲ ನೋಡಬೇಕು. ಇಂಜಿನ್ ಬಿಚ್ಚಿ ಕಟ್ಟಬಹುದು, ಮೈಗೆ ಹಿಡಿದ ತುಕ್ಕು ಹಬ್ಬುತ್ತಲೇ ಹೋಗುತ್ತದೆ.

ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಊರಿನ ಬಡಗಿ ಹಲಸಿನ ಹಲಗೆಯ ಎರಡು ಪೆಟ್ಟಿಗೆ ಮಾಡಿಕೊಟ್ಟ. ಒಂದರಲ್ಲಿ ಪಾತ್ರೆ, ದಿನಸಿ, ಸೀಮೆಎಣ್ಣೆ ಸ್ಟೋವು, ಇನ್ನೊಂದರಲ್ಲಿ ಬಟ್ಟೆ, ಹೊದಿಕೆ. ಎರಡನ್ನೂ ಜೋಡಿಸಿ ಮೇಲೆ ಹಾಸಿಗೆ ಹಾಸಿದರೆ ಇಬ್ಬರು ಮಲಗಬಹುದು. ಕಿಟಕಿಗೆ ಅವ್ವನ ಹಳೇ ಇಳಕಲ್ ಸೀರೆಯ ಪರದೆ. ಅಪ್ಪ ಸಂತೆಯಿಂದ ಒಂದು ಜೊತೆ ಗೆಜ್ಜೆ ತಂದು ಕನ್ನಡಿಗೆ ಕಟ್ಟಿದರು.

ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು. ಚಾವಿ ತಿರುಗಿಸುವ ಮೊದಲು ಅವ್ವ ಮುಂದಿನ ಸೀಟಿನಿಂದಲೇ ಕೇಳಿದಳು: "ಕಡಾಣಿ ನೋಡ್ದ್ಯಾ?"

ಇಳಿದು ನಾಲ್ಕೂ ಗಾಲಿಯ ನಟ್ಟು ಮುಟ್ಟಿ ಬಂದು ಕೂತೆ.

ಶಿರಾಳಕೊಪ್ಪ ಬಂತು. ನಾನು ರಸ್ತೆಗಿಂತ ಹೆಚ್ಚಾಗಿ ಅವ್ವನ ಮುಖ ನೋಡುತ್ತಿದ್ದೆ. ನಿಂಬೆಹಣ್ಣು ಮಡಿಲಲ್ಲಿ ಹಾಗೇ ಇತ್ತು. ರಸ್ತೆ ಎದುರಿಗೇ ಕಾಣುತ್ತಿದ್ದುದಕ್ಕೋ, ಡೀಸೆಲ್ ವಾಸನೆ ಇಲ್ಲದ್ದಕ್ಕೋ, ಬೇಕಾದಲ್ಲಿ ನಿಲ್ಲಿಸುತ್ತಾರೆಂಬ ಧೈರ್ಯಕ್ಕೋ, ಅವಳಿಗೆ ಏನೂ ಆಗಲಿಲ್ಲ. ಸೀಟಿನ ಅಡಿಯ ಇಂಜಿನ್ ಬಿಸಿ ಮೊಣಕಾಲಿಗೆ ಹಿತವಾಗಿದೆ ಅಂದಳು. ಆ ಬಿಸಿಯನ್ನು ಎಲ್ಲರೂ ಆ ಗಾಡಿಯ ದೋಷವೆಂದೇ ಹೇಳುತ್ತಾರೆ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಗುಡಿಯ ಹೊರಗೆ ಮರದಡಿ ಗಾಡಿ ನಿಲ್ಲಿಸಿ ಬಾಗಿಲು ಸರಿಸಿದೆವು. ಶಾಲೆ ಮಕ್ಕಳನ್ನು ಕರೆತಂದಾಗ ಇಲ್ಲಿಗೆ ನಲವತ್ತು ನಿಮಿಷ ಕೊಡುತ್ತಿದ್ದೆವು. ಆವತ್ತು ಅವ್ವ ಮೂರು ಗಂಟೆ ಇದ್ದಳು. ಒಂದು ಕಂಬ ನೋಡುವುದು, ಬಂದು ಗಾಡಿಯಲ್ಲಿ ಕಾಲು ಚಾಚುವುದು, ಮತ್ತೆ ಹೋಗುವುದು. ಕೆರೆಯ ಕೋಡಿಯ ಪಕ್ಕ ಇದ್ದುದರಿಂದ ಕೋಡಿಯಮಠ ಎಂದು ಹೆಸರು ಪಡೆದ ಕಾಳಾಮುಖರ ಮಠ ಇಲ್ಲಿತ್ತು. ಅದರ 1162ರ ಶಾಸನವನ್ನು ಶಾಸನ ಸಂಪಾದಕ ರೈಸರು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದ್ದಾರೆ. ವೇದ, ವ್ಯಾಕರಣ, ತರ್ಕ ಓದುವ ಜಾಗ, ಜೊತೆಗೆ ಬಡವರು, ಅನಾಥರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ಯಾವ ಪಂಥದ ಅಲೆಮಾರಿ ಸನ್ಯಾಸಿಯೇ ಬರಲಿ, ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧ ಸಿಗುವ ಜಾಗ ಎಂದು ಅದರಲ್ಲಿ ಉದ್ದಕ್ಕೂ ಪಟ್ಟಿಯಿದೆ. ಪಾಠ ಹೇಳುವಾಗ ಹೇಳಿದ್ದನ್ನೇ ಅವ್ವನಿಗೂ ಹೇಳಿದೆ. ಅವಳು ಕೇಳಿದಳು: "ಕಾಲು ನೋವಿನೋರು ಇಲ್ಲಿ ಉಳ್ಕಂಡು, ವಾಸಿಯಾದ ಮೇಲೆ ಹೋಗಬಹುದಿತ್ತಾ?" ಇತ್ತು ಅಂದೆ. ಇಷ್ಟು ವರ್ಷ ಮಕ್ಕಳಿಗೆ ಆ ಶಾಸನವನ್ನು ಇಸವಿ ಸಮೇತ ಬಾಯಿಪಾಠ ಮಾಡಿಸಿದ್ದೆ. ದಾರಿಹೋಕರಿಗೆ ಅದು ಏನಾಗಿತ್ತೆಂದು ಕೇಳಿದವಳು ಅವ್ವ ಒಬ್ಬಳೇ.

1047ರ ಭೇರುಂಡೇಶ್ವರ ಸ್ತಂಭ ನೋಡಿ, ಉಡುತಡಿಯಲ್ಲಿ ಅಕ್ಕಮಹಾದೇವಿಗೆ ಕೈಮುಗಿದು, ಸಂಜೆಗೆ ತಾಳಗುಂದ ಮುಟ್ಟಿದೆವು. ಪ್ರಣವೇಶ್ವರ ಗುಡಿಯ ಎದುರಿನ ಕಂಬದ ಶಾಸನ ಐದನೇ ಶತಮಾನದ್ದು, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಮಯೂರಶರ್ಮ ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದದ್ದು, ಕದಂಬರ ರಾಜ್ಯ ಕಟ್ಟಿದ್ದು ನಮಗೆ ತಿಳಿದಿರುವುದೇ ಇದರಿಂದ. ಆದರೆ ಶಾಸನ ಹುಟ್ಟಿದ್ದು ಅದೇ ವಂಶದ ಕಾಕುಸ್ಥವರ್ಮ ಅಲ್ಲಿ ಕೆರೆ ತೋಡಿಸಿದ್ದಕ್ಕೆ. ಅಪ್ಪನಿಗೆ ಹಿಡಿಸಿದ್ದು ಅದು. ಯುದ್ಧದ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಕೆರೆಯ ಏರಿ ಎಲ್ಲಿತ್ತು, ಎಷ್ಟು ಗದ್ದೆಗೆ ನೀರು ಬರುತ್ತಿತ್ತು ಎಂದು ಊರವರನ್ನು ವಿಚಾರಿಸುತ್ತ ಕತ್ತಲಾಗುವವರೆಗೂ ತಿರುಗಿದರು.

ಮರುದಿನ ಸೊರಬ ದಾಟಿ ಚಂದ್ರಗುತ್ತಿ. ಅವ್ವ ಅಲ್ಲಿಗೆ ಬಂದು ನಲವತ್ತು ವರ್ಷದ ಮೇಲಾಗಿತ್ತು. ಗುಡ್ಡದ ಮೇಲಿನ ಗುಹೆಯಲ್ಲಿ ರೇಣುಕಾಂಬೆಯ ಗುಡಿ, ಅದರ ಮೇಲೆ ಕೋಟೆ. ಮೆಟ್ಟಿಲು ಹತ್ತುವುದು ಕಷ್ಟವಾಗಿ, ನಾಲ್ಕು ಕಡೆ ಕೂತು, ನನ್ನ ಹೆಂಡತಿಯ ಹೆಗಲು ಹಿಡಿದು ಹತ್ತಿದಳು. ಇಳಿದು ಬಂದ ಮೇಲೆ ಸ್ಟೋವು ಹಚ್ಚಲು ಬಿಡಲಿಲ್ಲ. ಮೂರು ಕಲ್ಲು ತರಿಸಿದಳು. ಗಾಡಿಯಿಂದ ಮಾರು ದೂರಕ್ಕೆ ಒಲೆ ಹೂಡಿ, ಪುಳ್ಳೆ ಆರಿಸಿ ಅನ್ನ ಬೇಯಿಸಿದಳು. ಅನ್ನ, ಹುರುಳಿಕಾಳಿನ ಸಾರು, ಮನೆಯಿಂದ ತಂದ ರೊಟ್ಟಿ, ಕೆಂಪು ಖಾರ. ಅವಳ ಅಪ್ಪ ಗಾಡಿ ಬಿಡುತ್ತಿದ್ದ ಜಾಗ ಇದೇ ಎಂದು ತೋರಿಸಿದಳು. ಅಲ್ಲಿ ಈಗ ಅಂಗಡಿ ಸಾಲು. ರಾತ್ರಿ ಅವಳು, ನನ್ನ ಹೆಂಡತಿ, ಮಗಳು ಒಳಗೆ ಮಲಗಿದರು. ನಾನು, ಅಪ್ಪ ಗಾಡಿಯ ಪಕ್ಕ ಕಂಬಳಿ ಹೊದ್ದು ಮಲಗಿದೆವು. ಇಬ್ಬನಿ ಬಿದ್ದು ಕಂಬಳಿ ತೊಯ್ದಿತ್ತು. ನಡುರಾತ್ರಿ ಒಳಗಿನಿಂದ ಅವ್ವನ ದನಿ ಕೇಳುತ್ತಿತ್ತು, ಮೊಮ್ಮಗಳಿಗೆ ಎತ್ತುಗಳ ಹೆಸರು ಹೇಳುತ್ತಿದ್ದಳು.

ಮುಂದಿನ ಹತ್ತು ವರ್ಷ ಆ ಗಾಡಿಯಲ್ಲಿ ಬನವಾಸಿಗೆ ಹೋದೆವು, ಕುಬಟೂರಿನ ಕೈಟಭೇಶ್ವರಕ್ಕೆ, ಬಂದಳಿಕೆಗೆ, ಈಸೂರಿಗೆ, ಮಳೆಗಾಲದಲ್ಲಿ ಬಿಳಿ ಕೆಂಬರಲು ನೋಡಲು ಗುಡವಿಗೆ. ಧರ್ಮಸ್ಥಳಕ್ಕೂ ಒಮ್ಮೆ ಹೋದೆವು, ಆದರೆ ಅವ್ವನಿಗೆ ಇಷ್ಟವಾದವು ಹತ್ತಿರದ ಊರುಗಳೇ. ತವರಿಗೆ ವರ್ಷಕ್ಕೆ ಎರಡು ಸಲ. ಪ್ರತಿ ಸಲ ಕಡಾಣಿಯ ಪ್ರಶ್ನೆ. ಒಮ್ಮೆ ಹೊಸ ಟೈರು ಹಾಕಿಸಿದ ಮರುದಿನ ಬೆಳಿಗ್ಗೆ ಪಾನಾ ಹಿಡಿದು ಕೂತರೆ ಮುಂದಿನ ಗಾಲಿಯ ಎರಡು ನಟ್ಟು ಅರ್ಧ ಸುತ್ತು ಸಡಿಲವಾಗಿದ್ದವು. ಆವತ್ತಿನಿಂದ ಅವಳು ಕೇಳುವ ಮೊದಲೇ ನೋಡುತ್ತಿದ್ದೆ, ಆದರೂ ಅವಳು ಕೇಳುತ್ತಿದ್ದಳು.

2011ಕ್ಕೆ ಗಾಡಿಗೆ ಹದಿನೈದು ವರ್ಷ ತುಂಬಿತು. ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿದೆ. ಅವ್ವ ತೀರಿಕೊಂಡಿದ್ದು 2014ರಲ್ಲಿ. ಎರಡು ವರ್ಷ ಗಾಡಿ ಹಲಸಿನ ಪೆಟ್ಟಿಗೆ ಸಮೇತ ಕೊಟ್ಟಿಗೆಯಲ್ಲಿ ನಿಂತಿತ್ತು. 2016ರಲ್ಲಿ ಮಾರಿದೆ. ಕೊಳ್ಳಲು ಬಂದ ಹುಡುಗನಿಗೆ ನಾನೇ ಮ್ಯಾಟ್ ಎತ್ತಿ, ವೆಲ್ಡ್ ಮಾಡಿಸಿದ ಜಾಗ ತೋರಿಸಿ, ಬೆಳಿಗ್ಗೆ ಆರು ಗಂಟೆಗೆ ಬಂದು ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡು ಎಂದು ಹೇಳಿದೆ. 2019ರಲ್ಲಿ ಕಂಪನಿಯೂ ಓಮ್ನಿ ಮಾಡುವುದನ್ನು ನಿಲ್ಲಿಸಿತು. ಹಳೆಯವು ನಮ್ಮ ಕಡೆ ಇನ್ನೂ ಓಡುತ್ತಿವೆ.

ನಿಮ್ಮ ಮನೆಯಲ್ಲೂ ಬಸ್ಸು ಆಗದೆ, ಕಾಲು ಬಾರದೆ ಒಳಗೇ ಕೂತವರು ಇರಬಹುದು. ಅವರಿಗೆ ಕಾಶಿ ರಾಮೇಶ್ವರ ತೋರಿಸಬೇಕೆಂದು ವರ್ಷಗಟ್ಟಲೆ ಕಾಯಬೇಡಿ. ಹಳೆಯದೋ ಬಾಡಿಗೆಯದೋ, ನೆಲ ತಗ್ಗಿರುವ ಒಂದು ಗಾಡಿ ನೋಡಿ. ಚಾಪೆ, ನೀರು, ಬುತ್ತಿ ಇಟ್ಟುಕೊಳ್ಳಿ. ಅವರು ಕೇಳಿದಲ್ಲಿ ನಿಲ್ಲಿಸಿ, ಅವರು ಏಳೋಣ ಎನ್ನುವವರೆಗೆ ಕಾಯಿರಿ. ಹೊರಡುವ ಮೊದಲು ಗಾಲಿಯ ನಟ್ಟು ನೋಡಿಕೊಳ್ಳಿ.